ಮೆಗ್ಗರ್ ಹಚ್ಚಿ ಕರುಳು ನೋಡಬಹುದೇ?

ಬರೆಯದೆ ಬಹಳ ದಿನ ಆಯ್ತು. ಬೇಸಿಗೆಯಲ್ಲಿ ನನಗೆ ಪುರುಸೊತ್ತು ಅನ್ನುವುದೇ ಇರುವುದಿಲ್ಲ ನೋಡಿ. ನಮ್ಮ ಭೂಸನೂರಿಗೆ ಸಕ್ಕರೆ ಕಾರ್ಖಾನೆ ಇರುವುದರಿಂದ ಸುತ್ತಲಿನ ಹೊಲಗಳಲ್ಲಿ ತೊಗರಿಯ ಜೊತೆ ಕಬ್ಬೂ ಇದೆ. ಕಬ್ಬು ಇದ್ದಲ್ಲಿ ಬೋರು, ಬೋರು ಇದ್ದಲ್ಲಿ ಮೋಟಾರು, ಮೋಟಾರು ಇದ್ದಲ್ಲಿ ನಾನು :) ಸುಟ್ಟ ಮೋಟಾರಿಗೆ ವೈಂಡಿಂಗ್ ಮಾಡುವುದು ನನ್ನ ಕಸುಬು. ಈ ಸಲ ಕೆಲಸ ಬಿಟ್ಟು ಬರೆಯಲು ಕೂತಿದ್ದು ಒಂದು ಸಿಟ್ಟಿನಿಂದ. ಅರ್ಧ ಸಿಟ್ಟು ಬೇರೆಯವರ ಮೇಲೆ, ಇನ್ನರ್ಧ ನನ್ನ ಮೇಲೇ.

ಮೋಟಾರು ಅಂಗಡಿಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಮೆಗ್ಗರ್ ಹಚ್ಚುವುದು. ಒಂದು ವೈರು ವೈಂಡಿಂಗಿಗೆ, ಇನ್ನೊಂದು ಮೋಟಾರಿನ ಬಾಡಿಗೆ. 500 ವೋಲ್ಟ್ ಕೊಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡುತ್ತೇನೆ. ಇನ್ಸುಲೇಷನ್ ಗಟ್ಟಿ ಇದ್ದರೆ ಮುಳ್ಳು ಮೆಗಾ ಓಮ್‌ಗಳ ಕಡೆ ಏರುತ್ತದೆ. ಸೀಲು ಹೋಗಿ ನೀರು ಒಳಹೊಕ್ಕಿದ್ದರೆ ಸೊನ್ನೆಗೆ ಬಂದು ಕೂಡುತ್ತದೆ. ಬಿಚ್ಚದೆಯೇ ಒಳಗಿನ ಸಂಗತಿ ತಿಳಿಯುತ್ತದೆ. ರೈತರಿಗೆ ಇದು ಮಂತ್ರದ ಹಾಗೆ ಕಾಣುತ್ತದೆ, ನನಗೂ ಅದರ ಬಗ್ಗೆ ಸ್ವಲ್ಪ ಗರ್ವ ಇತ್ತು ಅನ್ನಿ.

ಈಗ ನಮ್ಮ ಕಾಕಾನ ಮಗನ ವಿಷಯ. ವಯಸ್ಸು ಇಪ್ಪತ್ತಾರು. ಎರಡು ವರ್ಷ ಅವನಿಗೆ ಸಂಡಾಸದಲ್ಲಿ ರಕ್ತ ಬೀಳುತ್ತಿತ್ತು. ನಮ್ಮ ಕಡೆ ರಕ್ತ ಬಿತ್ತು ಅಂದರೆ ಮೂಲವ್ಯಾಧಿ, ಮುಗಿಯಿತು. ಯಾರೋ ಗಿಡಮೂಲಿಕೆ ಕೊಟ್ಟರು, ಯಾರೋ ದಾರ ಕಟ್ಟುವ ಡಾಕ್ಟರ ಹತ್ತಿರ ಕಳಿಸಿದರು, ಖಾರ ಬಿಡು ಅಂದರು, ಬಿಟ್ಟ. ದಿನಕ್ಕೆ ಎಂಟು ಹತ್ತು ಸಲ ಹೊಲದ ಕಡೆ ಓಡುವುದು ಮಾತ್ರ ನಿಲ್ಲಲಿಲ್ಲ. ನಾಚಿಕೆಗೆ ಯಾರಿಗೂ ಸರಿಯಾಗಿ ಹೇಳಲಿಲ್ಲ ಕೂಡ. ಕೊನೆಗೆ ಹನ್ನೆರಡು ಕಿಲೋ ಇಳಿದ ಮೇಲೆ ದೊಡ್ಡ ಊರಿಗೆ ಒಯ್ದು ಕೊಲೊನೊಸ್ಕೋಪಿ ಮಾಡಿಸಿದೆವು. ಅಲ್ಸರೇಟಿವ್ ಕೊಲೈಟಿಸ್ ಅಂತ ಬಂತು. ದೊಡ್ಡ ಕರುಳಿನ ಒಳಪದರ ಕೆಂಪಾಗಿ ಬಾತು ಹುಣ್ಣಾಗುವ ರೋಗ. ಮೂಲವ್ಯಾಧಿಗೂ ಇದಕ್ಕೂ ಸಂಬಂಧವಿಲ್ಲ. ಮೆಸಲಮೈನ್ ಗುಳಿಗೆ ಶುರು ಮಾಡಿದರು, ನಾಲ್ಕು ತಿಂಗಳಲ್ಲಿ ಹುಡುಗ ಮನುಷ್ಯನ ಹಾಗೆ ಆದ. ಆದರೆ ಗುಳಿಗೆ ಬಿಡಬಾರದು, ಆರಾಮ ಅನಿಸಿದರೂ ಬಿಡಬಾರದು ಅಂತ ಹೇಳಿ ಕಳಿಸಿದ್ದರು.

ಆಮೇಲೆ ಒಂದು ದಿನ ಅವನು ಅಂಗಡಿಗೆ ಬಂದು, "ಯಣ್ಣಾ, ಕರೆಂಟ್ ಹಾಯ್ಸಿ ಕರಳು ನೋಡ್ತಾರಂತ, ಖರೇ ಏನು?" ಅಂತ ಕೇಳಿದ. ನಾನು ಒಂದು ಸಬ್‌ಮರ್ಸಿಬಲ್ ಬಿಚ್ಚುತ್ತಾ ಕೂತಿದ್ದೆ. ತಲೆ ಎತ್ತದೆಯೇ, "ಯಾಕ್ ಆಗಲ್ಲೋ ತಮ್ಮಾ? ನಾ ಮೋಟಾರ್ ನೋಡಂಗಿಲ್ಲೇನು? ಕರೆಂಟಿಗಿ ಎಲ್ಲಾ ಗೊತ್ತಾಗ್ತದ" ಅಂದೆ.

ಅಷ್ಟೇ ಅಂದದ್ದು. ಅವನು ಕೇಳಿದ್ದು ಒಂದು ಆರೋಗ್ಯ ಶಿಬಿರದ ಬಗ್ಗೆ. ಯಾರೋ ಒಂದು ಪೆಟ್ಟಿಗೆ, ಒಂದು ಲ್ಯಾಪ್‌ಟಾಪ್ ತಂದು ಕೂತಿದ್ದರು. ಮುಷ್ಟಿಯಲ್ಲಿ ಒಂದು ರಾಡು ಹಿಡಿದುಕೊಂಡರೆ ಒಂದು ನಿಮಿಷದಲ್ಲಿ ಹೃದಯ, ಲಿವರು, ಕಿಡ್ನಿ, ಎಲುಬು, ಕರುಳು ಎಲ್ಲದರ ರಿಪೋರ್ಟು. ಮೇಲೆ ದೊಡ್ಡದಾಗಿ 'ಕ್ವಾಂಟಮ್' ಅಂತ ಬೇರೆ ಬರೆದಿತ್ತು. ಇವನ ರಿಪೋರ್ಟಿನಲ್ಲಿ ದೊಡ್ಡ ಕರುಳಿನ ಸಾಲಿಗೆ 'ನಾರ್ಮಲ್' ಅಂತ ಬಂತು. ಅಣ್ಣನೇ ಹೇಳಿದ್ದಾನೆ, ಕರೆಂಟಿಗೆ ಎಲ್ಲಾ ಗೊತ್ತಾಗುತ್ತದೆ! ಗುಳಿಗೆ ನಿಲ್ಲಿಸಿದ. ತಿಂಗಳಿಗೆ ಇಷ್ಟು ದುಡ್ಡು ಉಳಿಯಿತು ಅಂತ ಕಾಕಾನೂ ಸುಮ್ಮನಿದ್ದ. ಮೂರು ತಿಂಗಳಿಗೆ ರೋಗ ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಎರಡು ಬಾಟಲಿ ರಕ್ತ ಹಾಕಿಸಬೇಕಾಯ್ತು.

ಆಸ್ಪತ್ರೆಯ ವರಾಂಡದಲ್ಲಿ ಕೂತಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ನಾನು ಹೇಳಿದ್ದು ಪೂರ್ತಿ ಸುಳ್ಳೇ? ಫೋನಿನಲ್ಲಿ ಹುಡುಕುತ್ತಾ, ಗೊತ್ತಿದ್ದವರನ್ನು ಕೇಳುತ್ತಾ ಹೋದೆ. ಸಿಕ್ಕ ಉತ್ತರ ವಿಚಿತ್ರವಾಗಿತ್ತು. ನಾನು ಹೇಳಿದ್ದು ಸುಳ್ಳಲ್ಲ. ಅದೇ ತೊಂದರೆ ಆದದ್ದು.

ಕರುಳಿನ ಉರಿಯೂತವನ್ನು ವಿದ್ಯುತ್ತಿನಿಂದ ಅಳೆಯುವುದು ನಿಜವಾದ ವಿಜ್ಞಾನ, ಅದೂ ಹಳೆಯದು. 1951ರಲ್ಲಿ ಡೆನ್ಮಾರ್ಕಿನ ಹಾನ್ಸ್ ಉಸ್ಸಿಂಗ್ ಅನ್ನುವವರು ಕಪ್ಪೆಯ ಚರ್ಮವನ್ನು ಎರಡು ಉಪ್ಪುನೀರಿನ ಕೋಣೆಗಳ ನಡುವೆ ಪರದೆಯ ಹಾಗೆ ಬಿಗಿದು ಅದರ ಮೂಲಕ ಹರಿಯುವ ಕರೆಂಟು ಅಳೆದರು. ಇವತ್ತಿಗೂ ಆ ಪೆಟ್ಟಿಗೆಗೆ ಉಸ್ಸಿಂಗ್ ಚೇಂಬರ್ ಅಂತಲೇ ಹೆಸರು. ಕಪ್ಪೆಯ ಚರ್ಮದ ಜಾಗದಲ್ಲಿ ಕರುಳಿನ ಚೂರು ಇಟ್ಟರೆ ಕರುಳಿನ ಲೆಕ್ಕ ಸಿಗುತ್ತದೆ. ಕರುಳಿನ ಒಳಪದರ ಅಂದರೆ ಒಂದೇ ಒಂದು ಸಾಲು ಜೀವಕೋಶ, ಪಕ್ಕಪಕ್ಕಕ್ಕೆ ಬಿಗಿಯಾಗಿ ಹೊಲಿದ ಹಾಗೆ. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ ಅದೇ ಇನ್ಸುಲೇಷನ್. ಒಳಗಿನ ಹೊಲಸು ರಕ್ತಕ್ಕೆ ಸೇರದಂತೆ ತಡೆಯುವುದು ಅದೇ. ಉರಿಯೂತ ಬಂದಾಗ ಆ ಹೊಲಿಗೆ ಸಡಿಲವಾಗುತ್ತದೆ, ಅಲ್ಲಲ್ಲಿ ಹರಿದೂ ಹೋಗುತ್ತದೆ. ಆಗ ಕರೆಂಟು ಸಲೀಸಾಗಿ ದಾಟುತ್ತದೆ, ಅಂದರೆ ರೆಸಿಸ್ಟೆನ್ಸ್ ಇಳಿಯುತ್ತದೆ. ಸೀಲು ಹೋದ ಮೋಟಾರೇ!

1973ರಲ್ಲಿ ಇಂಗ್ಲೆಂಡಿನಲ್ಲಿ ಎಡ್ಮಂಡ್ಸ್ ಮತ್ತು ಪಿಲ್ಚರ್ ಇದೇ ಕೊಲೈಟಿಸ್ ಇದ್ದವರ ಗುದನಾಳದ ಒಳಪದರದ ಆಚೀಚೆಗಿನ ವೋಲ್ಟೇಜು ಅಳೆದರು. ಹೌದು, ಆರೋಗ್ಯವಂತ ಕರುಳು ತಾನೇ ಒಂದು ಸಣ್ಣ ಬ್ಯಾಟರಿ, ಮಿಲಿವೋಲ್ಟುಗಳ ಲೆಕ್ಕದ್ದು. ಉಪ್ಪಿನ ಸೋಡಿಯಂ ಅನ್ನು ಒಳಗೆ ಎಳೆದುಕೊಳ್ಳುವ ಕೆಲಸದಿಂದಲೇ ಆ ವೋಲ್ಟೇಜು ಹುಟ್ಟುತ್ತದೆ. ರೋಗ ಜೋರಿದ್ದಾಗ ಅದು ಬಿದ್ದುಹೋಗುತ್ತದೆ. ಉಪ್ಪು ನೀರು ಎಳೆದುಕೊಳ್ಳದ ಕರುಳಿನಿಂದ ಭೇದಿ ಆಗದೆ ಇನ್ನೇನು ಆದೀತು?

ಇನ್ನೂ ಒಂದು ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 1999ರಲ್ಲಿ ಬರ್ಲಿನ್ನಿನ ಒಂದು ತಂಡ ಕೊಲೈಟಿಸ್ ರೋಗಿಗಳ ಕರುಳಿನ ಚೂರುಗಳನ್ನು ಹೀಗೆ ಅಳೆದು ಪ್ರಕಟಿಸಿತು. ಆರೋಗ್ಯವಂತ ಒಳಪದರದ ರೆಸಿಸ್ಟೆನ್ಸ್ ಒಂದು ಚದರ ಸೆಂಟಿಮೀಟರಿನ ಲೆಕ್ಕದಲ್ಲಿ 95 ಓಮ್ ಇದ್ದರೆ ರೋಗದ ಕರುಳಿನದ್ದು 20ರ ಸುಮಾರು. ಐದು ಪಾಲಿನಲ್ಲಿ ನಾಲ್ಕು ಹೋದ ಹಾಗೆ. ಇದಕ್ಕೆ ಅವರು ಬಳಸಿದ್ದು ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು, ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ. ಯಾಕೆ ಅಂದರೆ ಜೀವಕೋಶದ ಪೊರೆ ಒಂದು ಕಂಡೆನ್ಸರಿನಂತೆ. ನಿಧಾನದ ಫ್ರೀಕ್ವೆನ್ಸಿ ಅದನ್ನು ದಾಟಲಾರದೆ ಕೋಶಗಳ ಸಂದಿಯಲ್ಲಿ ನುಸುಳುತ್ತದೆ, ಹೆಚ್ಚಿನ ಫ್ರೀಕ್ವೆನ್ಸಿ ಪೊರೆಯನ್ನೇ ಹಾಯ್ದು ಹೋಗುತ್ತದೆ. ಎರಡನ್ನೂ ಹೋಲಿಸಿದರೆ ಮೇಲಿನ ಪದರದ ಪಾಲೆಷ್ಟು, ಕೆಳಗಿನ ಮಾಂಸದ ಪಾಲೆಷ್ಟು ಅಂತ ಬೇರ್ಪಡಿಸಬಹುದು. ಇದು ಬಹಳ ಮುಖ್ಯ. ಉರಿಯೂತದಲ್ಲಿ ಕೆಳಗಿನ ಪದರವೂ ಬಾತಿರುವುದರಿಂದ ಬರೀ ಒಟ್ಟು ಓಮ್ ನೋಡಿದರೆ ಮೋಸ ಹೋಗುತ್ತೇವೆ. ಈ ಕಂಡೆನ್ಸರ್ ಲೆಕ್ಕದಿಂದಲೇ 1925ರಲ್ಲಿ ಹ್ಯೂಗೋ ಫ್ರಿಕೆ ಅನ್ನುವವರು ರಕ್ತದ ಕೆಂಪು ಕಣದ ಪೊರೆ ಎಷ್ಟು ದಪ್ಪ ಅಂತ ಹೇಳಿದ್ದರು. ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಿಗಿಂತಲೂ ತೆಳು. ಆಗ ಅದನ್ನು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ! ಓದಿದಾಗ ನನಗೆ ಮೈ ಜುಂ ಅಂತು.

ಇದು ಪ್ರಯೋಗಶಾಲೆಯ ಮಾತಾಯ್ತು. ಬದುಕಿರುವ ಮನುಷ್ಯನ ಒಳಗೆ ಅಳೆಯುವುದೂ ಶುರುವಾಗಿದೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೈಕೆಲ್ ವೇಜಿ ಅವರ ತಂಡ ಎಂಡೊಸ್ಕೋಪಿನ ಒಳಗಿನಿಂದ ತೆಳುವಾದ ವೈರು ಇಳಿಸಿ ಅನ್ನನಾಳದ ಗೋಡೆಗೆ ಮುಟ್ಟಿಸಿ ರೆಸಿಸ್ಟೆನ್ಸ್ ನೋಡುವ ವಿಧಾನ ಮಾಡಿತು. ಎದೆಯುರಿ ಆಮ್ಲದಿಂದಲೋ ಬೇರೆ ಕಾರಣದಿಂದಲೋ ಅಂತ ತಿಳಿಯಲು ಅದು ನೆರವಾಗುತ್ತದೆ. ದೊಡ್ಡ ಕರುಳಿಗೆ ಇದೇ ಬಗೆಯ ಅಳತೆ ಇನ್ನೂ ಸಂಶೋಧನೆಯಲ್ಲೇ ಇದೆ, ನಿಮ್ಮೂರಿನ ಆಸ್ಪತ್ರೆಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ. ಎಲ್ಲದರಲ್ಲೂ ಒಂದು ಮಾತು ಸಮಾನ, ಅದನ್ನು ಗಮನಿಸಿ. ವೈರು ಆ ಪದರಕ್ಕೆ ಮುಟ್ಟಬೇಕು. ಮೆಗ್ಗರ್ ವೈರನ್ನು ವೈಂಡಿಂಗಿಗೆ ಮುಟ್ಟಿಸದೆ ಅಂಗಡಿಯ ಬಾಗಿಲಿಗೆ ಮುಟ್ಟಿಸಿ ಮೋಟಾರು ಸರಿ ಇದೆ ಅನ್ನುವುದಕ್ಕೆ ಬರುತ್ತದೇನು?

ಹೊಟ್ಟೆಯ ಹೊರಗಿನಿಂದ ಆಗುವುದೇ ಇಲ್ಲವೇ ಅಂತ ಕೇಳಬಹುದು. ಸ್ವಲ್ಪ ಆಗುತ್ತದೆ. 1980ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬಾರ್ಬರ್ ಮತ್ತು ಬ್ರೌನ್ ಮೈ ಸುತ್ತ ಎಲೆಕ್ಟ್ರೋಡುಗಳ ಪಟ್ಟಿ ಕಟ್ಟಿ ಒಳಗಿನ ಚಿತ್ರ ತೆಗೆಯುವ ವಿಧಾನ ತಂದರು. 1987ರಲ್ಲಿ ಅದರಿಂದ ಜಠರ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅಂತ ಅಳೆದು ತೋರಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಕೆಲಸ ನಡೆದಿದೆ. ತುಷಾರ್ ಕಾಂತಿ ಬೇರಾ ಮತ್ತು ಜೆ. ನಾಗರಾಜು ಅವರು ತೊಟ್ಟಿಯಲ್ಲಿ ಕೋಳಿ ಮಾಂಸವಿಟ್ಟು, ಸುತ್ತ ಎಲೆಕ್ಟ್ರೋಡು ಇಟ್ಟು ಇಂಥ ಯಂತ್ರವನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಎಷ್ಟು ಪ್ರಾಮಾಣಿಕ ನೋಡಿ. ಮನುಷ್ಯನ ಹೊಟ್ಟೆಗೆ ಹೋಗುವ ಮೊದಲು ಕೋಳಿ ಮಾಂಸ ಎಲ್ಲಿದೆ ಅಂತ ಯಂತ್ರ ಸರಿಯಾಗಿ ಹೇಳುತ್ತದೋ ಇಲ್ಲವೋ ಅಂತ ನೋಡಿಕೊಂಡರು. ಇಷ್ಟು ಮಾಡಿದರೂ ಈ ಚಿತ್ರ ಮಸುಕು ಮಸುಕು. ಒಂದು ಸಾಲು ಜೀವಕೋಶದ ಹೊಲಿಗೆ ಬಿಚ್ಚಿದೆಯೋ ಇಲ್ಲವೋ ಅಂತ ಹೊಟ್ಟೆಯ ಮೇಲಿಂದ ಕಾಣುವಷ್ಟು ಚುರುಕು ಅದಕ್ಕಿಲ್ಲ. ಜಿಮ್ಮಿನಲ್ಲಿ ನಿಂತು ನೋಡುವ ತೂಕದ ಯಂತ್ರವೂ ಇದೇ ಜಾತಿಯದು. ಪಾದದ ಮೂಲಕ ಕರೆಂಟು ಹಾಯಿಸಿ ಮೈಯಲ್ಲಿ ನೀರೆಷ್ಟು, ಕೊಬ್ಬೆಷ್ಟು ಅಂತ ಅಂದಾಜು ಹೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು.

ಈಗ ಶಿಬಿರದ ರಾಡಿಗೆ ಬರುತ್ತೇನೆ. ದೇವರ ದಯೆಯೋ ಏನೋ, ಅಂಥದೇ ಒಂದು ಪೆಟ್ಟಿಗೆ ನನ್ನ ಅಂಗಡಿಗೇ ಬಂತು. ಪರಿಚಯದವನೊಬ್ಬ ಅಂಥದ್ದನ್ನು ಕೊಂಡುಕೊಂಡು ಊರೂರು ತಿರುಗುತ್ತಾನೆ. "ಚಾರ್ಜ್ ಆಗವಲ್ದು, ಜರಾ ನೋಡ್ರಿ ಕಾಕಾ" ಅಂತ ಕೊಟ್ಟುಹೋದ. ಬಿಚ್ಚಿ ನೋಡಿದೆ. ಒಂದು ಸಣ್ಣ ಬೋರ್ಡು, ಯುಎಸ್‌ಬಿ ಚಿಪ್ಪು, ಕೆಲವು ರೆಸಿಸ್ಟರು, ಬಣ್ಣದ ದೀಪ. ರಾಡಿಗೆ ಒಂದು ವೈರು. ಅದನ್ನು ಒಂದೇ ಕೈಯಲ್ಲಿ ಹಿಡಿಯುವುದು. ಅರೆ, ಎರಡು ವೈರಿಲ್ಲದೆ ಬಲ್ಬು ಹತ್ತುತ್ತದೇನ್ರೀ? ಕರೆಂಟು ಹೊಟ್ಟೆಯ ಮೂಲಕ ಹಾಯಬೇಕಾದರೆ ಹೊಟ್ಟೆಯ ಈಚೆ ಒಂದು, ಆಚೆ ಒಂದು ಬೇಕಲ್ಲವೇ? ಒಂದೇ ಅಂಗೈಯಲ್ಲಿ ಹಿಡಿದ ರಾಡಿಗೆ ಗೊತ್ತಾಗುವುದೇನಿದ್ದರೂ ಅಂಗೈಯ ಬೆವರು ಮಾತ್ರ.

ಚಾರ್ಜಿಂಗ್ ಪಿನ್ನು ಬೆಸುಗೆ ಹಾಕಿ ಸರಿ ಮಾಡಿದೆ. ಆಮೇಲೆ ಅವನ ಲ್ಯಾಪ್‌ಟಾಪಿನಲ್ಲಿ ಹೊಸ ಹೆಸರು ಹಾಕಿದೆ. ಹೆಣ್ಣು, ವಯಸ್ಸು ಮೂವತ್ತೈದು, ಎತ್ತರ, ತೂಕ ಎಲ್ಲಾ ತುಂಬಿದೆ. ರಾಡಿಗೆ ಕೈ ಒರೆಸುವ ಒದ್ದೆ ಬಟ್ಟೆ ಸುತ್ತಿ ಮೇಜಿನ ಮೇಲೆ ಇಟ್ಟು ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ರಿಪೋರ್ಟು ತಯಾರು. ನಮ್ಮ ಒದ್ದೆ ಬಟ್ಟೆಗೆ ಕ್ಯಾಲ್ಸಿಯಂ ಕಡಿಮೆ ಇದೆ. ಪಿತ್ತಕೋಶ ಸ್ವಲ್ಪ ಹುಷಾರಾಗಿ ನೋಡಿಕೊಳ್ಳಬೇಕು. ಗರ್ಭಕೋಶ ಚೆನ್ನಾಗಿದೆ. ದೊಡ್ಡ ಕರುಳು? ನಾರ್ಮಲ್! :)

ನಗು ಬಂತು, ಆಮೇಲೆ ಆಸ್ಪತ್ರೆಯಲ್ಲಿ ಬೆಳ್ಳಗೆ ಮಲಗಿದ್ದ ತಮ್ಮನ ಮುಖ ನೆನಪಾಗಿ ನಗು ನಿಂತಿತು.

ನನಗನಿಸುವುದು ಇಷ್ಟು. ಪೂರ್ತಿ ಸುಳ್ಳು ಹೇಳಿದರೆ ನಮ್ಮ ಜನ ನಂಬುವುದಿಲ್ಲ, ನಮ್ಮವರೇನೂ ಅಷ್ಟು ದಡ್ಡರಲ್ಲ. ಇಸಿಜಿ ಕರೆಂಟಿನ ಯಂತ್ರವೇ, ಅದನ್ನು ಎಲ್ಲರೂ ಕಂಡಿದ್ದಾರೆ. ಆ ನಂಬಿಕೆಯ ಬೆನ್ನ ಮೇಲೆ ಈ ರಾಡು ಸವಾರಿ ಮಾಡುತ್ತದೆ. ನನ್ನಂಥ ಅರ್ಧ ತಿಳಿದವನು "ಹೌದು" ಅಂದರೆ ಸಾಕು. ಆದ್ದರಿಂದ ಇಂಥ ಪೆಟ್ಟಿಗೆಗಳಿಗೆ ಶಾಲೆಯ ಕೋಣೆ, ಸಮುದಾಯ ಭವನ ಕೊಡುವ ಮುಂಚೆ ಒಂದು ಮಾತು ಕೇಳಬೇಕು, ನಿಮ್ಮ ನೋಂದಣಿ ಎಲ್ಲಿದೆ ಅಂತ. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ರೋಗ ಪರೀಕ್ಷೆ ಮಾಡುವ ಖಾಸಗಿಯವರು ಅದರಡಿ ನೋಂದಣಿ ಮಾಡಿಸಬೇಕು. ಚಮತ್ಕಾರದ ಚಿಕಿತ್ಸೆಯ ಜಾಹೀರಾತಿಗೆ ತಡೆ ಹಾಕುವ ಕಾಯ್ದೆಯಂತೂ 1954ರಿಂದ ಇದೆ. ಕಾಯ್ದೆ ಇದ್ದರೂ ಕೇಳುವವರು ಬೇಕಲ್ಲ. ನಾನು ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಪಿಡಿಓ ಸಾಹೇಬರು ಓದಿ, "ನಿಮಗ ಮೋಟಾರ್ ಕೆಲಸ ಕಮ್ಮಿ ಆಗ್ಯಾದೇನ್ರಿ?" ಅಂದರು. ಇರಲಿ, ತೆಗೆದುಕೊಂಡು ಸಹಿ ಹಾಕಿದ್ದಾರೆ.

ಬರೀ ಬೇಡ ಬೇಡ ಅಂದರೆ ಸಾಲದು, ಅದು ನನಗೂ ಗೊತ್ತು. ಜನ ಆ ರಾಡು ಹಿಡಿಯುವುದು ಬೇರೆ ಏನೂ ಹತ್ತಿರ ಇಲ್ಲದ್ದಕ್ಕೆ. ಕೊಲೊನೊಸ್ಕೋಪಿ ಅಂದರೆ ಕಲಬುರಗಿ, ಸೊಲ್ಲಾಪುರ, ಇಲ್ಲವೇ ಹೈದರಾಬಾದು. ಹಿಂದಿನ ದಿನವೆಲ್ಲ ಭೇದಿ ಔಷಧ ಕುಡಿದು ಕರುಳು ತೊಳೆದುಕೊಂಡಿರಬೇಕು, ಆ ಸ್ಥಿತಿಯಲ್ಲಿ ಬಸ್ಸಿನಲ್ಲಿ ಹೋಗುವುದು ಹೇಗೆ ಅಂತ ಯಾರಾದರೂ ಯೋಚಿಸಿದ್ದಾರೆಯೇ? ಇದು ಪಟ್ಟಣದವರ ರೋಗ ಅನ್ನುವ ಮಾತೂ ಇನ್ನು ನಡೆಯುವುದಿಲ್ಲ. 2003ರಲ್ಲೇ ಪಂಜಾಬಿನ ಲೂಧಿಯಾನದಲ್ಲಿ ಅಜಿತ್ ಸೂದ್ ಅವರು ಮನೆ ಮನೆ ಸಮೀಕ್ಷೆಯಿಂದ ಲಕ್ಷಕ್ಕೆ 44 ಜನರಲ್ಲಿ ಕೊಲೈಟಿಸ್ ಇದೆ ಅಂತ ತೋರಿಸಿದ್ದರು. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ರೂಪಾ ಬ್ಯಾನರ್ಜಿ ಮತ್ತು ಸಂಗಡಿಗರು ಹೊಟ್ಟೆಯ ತೊಂದರೆ ಇದ್ದ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ 2023ರಲ್ಲಿ ಬರೆದಿದ್ದಾರೆ. ಹಳ್ಳಿಯವರಲ್ಲೂ ಈ ಕರುಳಿನ ಉರಿಯೂತ ಪಟ್ಟಣದವರ ಹತ್ತಿರ ಹತ್ತಿರಕ್ಕೇ ಇದೆ. ಹೈದರಾಬಾದು ನಮಗೇನು ದೂರ?

ಮೊದಲು ಬೇಕಾದದ್ದು ಯಂತ್ರವೂ ಅಲ್ಲ. ಕ್ಯಾಲ್ಪ್ರೊಟೆಕ್ಟಿನ್ ಅಂತ ಒಂದು ಮಲಪರೀಕ್ಷೆ ಇದೆ. ಉರಿಯೂತದ ಜಾಗಕ್ಕೆ ನುಗ್ಗುವ ಬಿಳಿ ರಕ್ತಕಣಗಳಲ್ಲಿ ಇರುವ ಪ್ರೋಟೀನು ಅದು, ಕರುಳು ಬಾತಿದ್ದರೆ ಮಲದಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ. ಡಬ್ಬಿಯಲ್ಲಿ ಎರಡು ಮೂರು ದಿನ ಹೊರಗಿದ್ದರೂ ಅಷ್ಟಾಗಿ ಕೆಡುವುದಿಲ್ಲ. ಅಂದರೆ ಭೂಸನೂರಿನಿಂದ ರೋಗಿ ಹೋಗಬೇಕಿಲ್ಲ, ಡಬ್ಬಿ ಹೋದರೆ ಸಾಕು. ನಾವು ಖಾಸಗಿ ಲ್ಯಾಬಿನಲ್ಲಿ ಎರಡು ಸಾವಿರದ ಮೇಲೆ ಕೊಟ್ಟು ಮಾಡಿಸಿದೆವು. ಕಬ್ಬು ಕಡಿಯುವವರಿಗೆ ಇದು ಎಷ್ಟು ದಿನದ ಕೂಲಿ ಲೆಕ್ಕ ಹಾಕಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆ ಆಗಬೇಕು, ತಾಲ್ಲೂಕು ಆಸ್ಪತ್ರೆಯಿಂದ ಡಬ್ಬಿ ಕಳಿಸುವ ವ್ಯವಸ್ಥೆ ಆಗಬೇಕು. ಎರಡು ವರ್ಷ ಮೂಲವ್ಯಾಧಿ ಅಂತ ಕಳೆಯುವುದು ಅಲ್ಲಿಗೆ ತಪ್ಪುತ್ತದೆ.

ನಿಜವಾದ ಕರೆಂಟಿನ ಅಳತೆಯ ಮೇಲೂ ನನಗೆ ಆಸೆ ಇದೆ, ಬಿಟ್ಟಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಸಾಮಾನ್ಯವಾಗಿ ಗುದನಾಳದಿಂದಲೇ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಅಂದಮೇಲೆ ಪೂರ್ತಿ ಕರುಳು ಹೊಕ್ಕು ನೋಡುವ ಬದಲು, ಮೂಲವ್ಯಾಧಿ ನೋಡಲು ಈಗಾಗಲೇ ಬಳಸುವ ಗೇಣುದ್ದಕ್ಕಿಂತ ಚಿಕ್ಕ ಕೊಳವೆಯ ಜೊತೆಗೇ ಎರಡು ಮೂರು ಎಲೆಕ್ಟ್ರೋಡಿನ ಒಂದು ಕಡ್ಡಿ ಇಳಿಸಿ ಓಮ್ ನೋಡಿದರೆ? ರೋಗ ಗೊತ್ತಾಗಿರುವವರಲ್ಲಿ, ಗುಳಿಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಆಳಂದದಲ್ಲೇ ತಿಂಗಳು ಮೂರು ತಿಂಗಳಿಗೆ ನೋಡಬಹುದಲ್ಲ. ಮೈಕ್ರೋ ಆಂಪಿಯರ್ ಕರೆಂಟು, ರೋಗಿಗೆ ಗೊತ್ತೂ ಆಗುವುದಿಲ್ಲ. ಮೆಗ್ಗರಿನ 500 ವೋಲ್ಟ್ ಅಲ್ಲಪ್ಪಾ, ಹೆದರಬೇಡಿ. ತೊಡಕುಗಳಿವೆ. ಕಡ್ಡಿಯನ್ನು ಎಷ್ಟು ಒತ್ತಿ ಹಿಡಿದಿದ್ದೀರಿ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ, ಲೋಳೆ ಅಂಟಿದ್ದರೆ ಬದಲಾಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಸೋರುತ್ತಿದೆ ಅಂತ ಓಮ್ ಹೇಳೀತು, ಯಾಕೆ ಸೋರುತ್ತಿದೆ ಅಂತ ಹೇಳಲಾರದು. ಆಮಶಂಕೆಯಲ್ಲೂ ಇಳಿಯುತ್ತದೆ. ನಮ್ಮ ದೇಶದಲ್ಲಿ ಕರುಳಿನ ಟಿಬಿ ಯಾವುದು, ಕ್ರೋನ್ಸ್ ಕಾಯಿಲೆ ಯಾವುದು ಅಂತ ತಜ್ಞರೇ ತಬ್ಬಿಬ್ಬಾಗಿ ತಿಂಗಳುಗಟ್ಟಲೆ ಟಿಬಿ ಗುಳಿಗೆ ಕೊಟ್ಟು ನೋಡುವುದುಂಟು. ಅದನ್ನು ಈ ಕಡ್ಡಿ ಬಿಡಿಸಲಾರದು. ಮೆಗ್ಗರ್ ಸೊನ್ನೆ ತೋರಿಸಿದಾಗಲೂ ಸೀಲು ಹೋಗಿದೆಯೋ ಕೇಬಲ್ ಜಾಯಿಂಟು ಹೋಗಿದೆಯೋ ಅಂತ ನಾನು ಬಿಚ್ಚಿಯೇ ನೋಡಬೇಕು.

ನಮ್ಮ ತಾಲ್ಲೂಕಿನಲ್ಲೇ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಎಂಜಿನಿಯರಿಂಗ್ ಓದುವ ಹುಡುಗರಿದ್ದಾರೆ. ಕಲಬುರಗಿಯಲ್ಲಿ ಮೆಡಿಕಲ್ ಕಾಲೇಜುಗಳಿವೆ. ನಡುವೆ ಒಂದೇ ರಸ್ತೆ. ಆ ಹುಡುಗರು ಪ್ರಾಜೆಕ್ಟಿಗೆ ಅಂತ ಪ್ರತಿ ವರ್ಷ ಸೆನ್ಸಾರ್ ಹಚ್ಚಿದ ನೀರಿನ ಟ್ಯಾಂಕು ಮಾಡುವ ಬದಲು ಒಬ್ಬರಾದರೂ ಈ ಕಡೆ ನೋಡಲಿ. ವೈಂಡಿಂಗ್ ತಂತಿ, ಬೆಸುಗೆ ಏನಾದರೂ ಬೇಕಾದರೆ ನನ್ನ ಅಂಗಡಿ ಇದೆ, ಖರ್ಚು ಕೇಳುವುದಿಲ್ಲ.

ತಮ್ಮ ಈಗ ಮನೆಗೆ ಬಂದಿದ್ದಾನೆ. ಗುಳಿಗೆ ಮತ್ತೆ ಶುರು, ಜೊತೆಗೆ ಸ್ಟಿರಾಯ್ಡು, ಮುಖ ಸ್ವಲ್ಪ ಊದಿದೆ. ನನ್ನ ಮೇಲೆ ಸಿಟ್ಟಿದೆಯೋ ಇಲ್ಲವೋ ಹೇಳುವುದಿಲ್ಲ. ಮೊನ್ನೆ ಅಂಗಡಿಗೆ ಬಂದು ಒದ್ದೆ ಬಟ್ಟೆಯ ರಿಪೋರ್ಟು ಓದಿದ, ಗರ್ಭಕೋಶದ ಪುಟಕ್ಕೆ ಬಂದಾಗ ನಕ್ಕ. "ಯಣ್ಣಾ, ಇದರದೊಂದು ಜೆರಾಕ್ಸ್ ಕೊಡು, ಅಪ್ಪಗ ತೋರಸ್ತೀನಿ" ಅಂದ. ಕೊಟ್ಟೆ.

ಪೆಟ್ಟಿಗೆ ಇನ್ನೂ ನನ್ನ ಕಪಾಟಿನಲ್ಲೇ ಇದೆ. ಅದರ ಯಜಮಾನ ದಿನಾ ಫೋನು ಮಾಡುತ್ತಾನೆ. ಒಂದು ಪಾರ್ಟು ಸೊಲ್ಲಾಪುರದಿಂದ ಬರಬೇಕು, ಇನ್ನೂ ಬಂದಿಲ್ಲ ಅಂತ ಹೇಳುತ್ತಿದ್ದೇನೆ.